ಲಿಸ್ಪ್‌ನಿಂದ ಯಂತ್ರಸಂಕೇತಕ್ಕೆ: ವೇಗ ಬೇಕೆಂದರೆ ಸುರಕ್ಷತೆ ಬಿಡಲೇಬೇಕೆ?

ಸೊರಬ, ಶಿಕಾರಿಪುರ, ಸಾಗರದ ಕಡೆಯವರಿಗೆ ಅಡಿಕೆ ಸುಲಿಯುವ ಯಂತ್ರವನ್ನು ಪರಿಚಯಿಸಬೇಕಾಗಿಲ್ಲ. ತಿರುಗುವ ಭಾಗಗಳ ಮೇಲೆ ಕವಚವಿದ್ದರೆ ಕೈ ಸುರಕ್ಷಿತ. ಆದರೆ ಕಾಯಿ ಸಿಕ್ಕಿಕೊಂಡಾಗಲೆಲ್ಲ ಕವಚ ತೆಗೆದು ಹಾಕುವುದು ರಗಳೆ. "ಕವಚ ಬಿಚ್ಚಿಟ್ಟರೆ ಕೆಲಸ ಬೇಗ ಸಾಗುತ್ತದೆ" ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಬೇಗ ಸಾಗುವುದೂ ನಿಜ, ಒಂದು ದಿನ ಬೆರಳು ಹೋಗುವವರೆಗೆ.

ಕಂಪ್ಯೂಟರ್ ತಂತ್ರಾಂಶ ಬರೆಯುವವರ ಮುಂದೆಯೂ ಇದೇ ಪ್ರಶ್ನೆ ಇದೆ. ಪ್ರೋಗ್ರಾಂ ಓಡುವಾಗ ಪ್ರತಿ ಹೆಜ್ಜೆಗೂ "ಇದು ಸರಿಯಾದ ಸಂಖ್ಯೆಯೇ? ಪಟ್ಟಿಯ ಅಂಚು ದಾಟಿಲ್ಲವಷ್ಟೆ?" ಎಂದು ಪರೀಕ್ಷಿಸುತ್ತಾ ಹೋದರೆ ಸುರಕ್ಷಿತ, ಆದರೆ ಸ್ವಲ್ಪ ನಿಧಾನ. ಪರೀಕ್ಷೆ ಕೈಬಿಟ್ಟರೆ ವೇಗ, ಆದರೆ ಅಪಾಯ. ಈ ಆಯ್ಕೆಯನ್ನು ಪ್ರೋಗ್ರಾಂ ಬರೆಯುವವರ ಕೈಗೇ ನೇರವಾಗಿ ಕೊಟ್ಟ ಭಾಷೆಗಳಲ್ಲಿ ಲಿಸ್ಪ್ ಮುಖ್ಯವಾದುದು. ಅದರ ಕಥೆಯ ಮೂಲಕ ವೇಗ ಮತ್ತು ಸುರಕ್ಷತೆಯ ಲೆಕ್ಕಾಚಾರವನ್ನು ಅರ್ಥಮಾಡಿಕೊಳ್ಳೋಣ.

ಲಿಸ್ಪ್ ಎಂದರೇನು?

ಲಿಸ್ಪ್ 1958ರಲ್ಲಿ ಅಮೆರಿಕದ ಎಂಐಟಿಯಲ್ಲಿ ಜಾನ್ ಮೆಕಾರ್ಥಿ ರೂಪಿಸಿದ ಭಾಷೆ. ಇಂದಿಗೂ ಬಳಕೆಯಲ್ಲಿರುವ ಅತಿ ಹಳೆಯ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಇದೂ ಒಂದು. ಫೋರ್ಟ್ರಾನ್ ಮಾತ್ರ ಇದಕ್ಕಿಂತ ಒಂದು ವರ್ಷ ಹಿರಿಯದು. ಹೆಸರೇ ಹೇಳುವಂತೆ 'ಲಿಸ್ಟ್ ಪ್ರೊಸೆಸಿಂಗ್', ಅಂದರೆ ಪಟ್ಟಿಗಳ ಸಂಸ್ಕರಣೆ ಇದರ ಮೂಲ. ಎರಡು ಮತ್ತು ಮೂರನ್ನು ಕೂಡಬೇಕಾದರೆ ಲಿಸ್ಪ್‌ನಲ್ಲಿ (+ 2 3) ಎಂದು ಬರೆಯುತ್ತೇವೆ. ಮೊದಲು ಕ್ರಿಯೆ, ನಂತರ ಅದಕ್ಕೆ ಬೇಕಾದ ವಸ್ತುಗಳು, ಸುತ್ತ ಆವರಣ. ಇಡೀ ಪ್ರೋಗ್ರಾಂ ಹೀಗೆ ಒಂದರೊಳಗೊಂದು ಕುಳಿತ ಪಟ್ಟಿಗಳಾಗಿರುತ್ತದೆ.

ಇದು ಪ್ರಯೋಗಾಲಯಕ್ಕೆ ಮಾತ್ರ ಸೀಮಿತವಾದ ಭಾಷೆ ಎಂದುಕೊಳ್ಳಬೇಡಿ. ಮನೆಯ ನಕ್ಷೆ ಬರೆಯಲು ಎಂಜಿನಿಯರುಗಳು ಬಳಸುವ ಆಟೋಕ್ಯಾಡ್ ತಂತ್ರಾಂಶದೊಳಗೆ 1986ರಿಂದಲೂ 'ಆಟೋಲಿಸ್ಪ್' ಎಂಬ ಲಿಸ್ಪ್ ಇದೆ. ನಿಮ್ಮ ಊರಿನ ಎಂಜಿನಿಯರು ಒಂದೇ ಆದೇಶದಿಂದ ನಕ್ಷೆಯ ಅಳತೆಗಳನ್ನೆಲ್ಲ ಮೂಡಿಸಿದ್ದರೆ ಅದರ ಹಿಂದೆ ಲಿಸ್ಪ್ ಇರುವ ಸಾಧ್ಯತೆ ಇದೆ.

ವ್ಯಾಖ್ಯಾನ, ಬೈಟ್‌ಕೋಡ್, ಯಂತ್ರಸಂಕೇತ

ಕಂಪ್ಯೂಟರಿನ ಪ್ರೊಸೆಸರ್‌ಗೆ ಲಿಸ್ಪ್ ಗೊತ್ತಿಲ್ಲ, ಕನ್ನಡವೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಅದರದೇ ಯಂತ್ರಸಂಕೇತ ಮಾತ್ರ. ಆದ್ದರಿಂದ ನಾವು ಬರೆದದ್ದನ್ನು ಹೇಗಾದರೂ ಯಂತ್ರಸಂಕೇತಕ್ಕೆ ಮುಟ್ಟಿಸಬೇಕು. ಇದಕ್ಕೆ ಮೂರು ದಾರಿಗಳಿವೆ.

ಮೊದಲನೆಯದು ಇಂಟರ್‌ಪ್ರಿಟರ್, ಅಂದರೆ ವ್ಯಾಖ್ಯಾನಕ. ಸಭೆಯಲ್ಲಿ ಭಾಷಣಕಾರರ ಪಕ್ಕ ನಿಂತು ವಾಕ್ಯ ವಾಕ್ಯವನ್ನೂ ಅನುವಾದಿಸುವವರಂತೆ ಇದು ಪ್ರೋಗ್ರಾಮನ್ನು ಓದುತ್ತಾ ಓದುತ್ತಾ ನಡೆಸುತ್ತದೆ. ಒಂದೇ ಸಾಲು ಹತ್ತು ಲಕ್ಷ ಬಾರಿ ಬಂದರೆ ಹತ್ತು ಲಕ್ಷ ಬಾರಿಯೂ ಅದನ್ನು ಹೊಸದಾಗಿ ಅರ್ಥೈಸುತ್ತದೆ. ಮೊದಲ ಲಿಸ್ಪ್ ವ್ಯಾಖ್ಯಾನಕವನ್ನು ಮೆಕಾರ್ಥಿಯವರ ಶಿಷ್ಯ ಸ್ಟೀವ್ ರಸೆಲ್ ಐಬಿಎಂ 704 ಯಂತ್ರಕ್ಕಾಗಿ ಬರೆದರು.

ಎರಡನೆಯದು ಬೈಟ್‌ಕೋಡ್. ಮೂಲ ಬರಹವನ್ನು ಮೊದಲೇ ಚಿಕ್ಕ ಚಿಕ್ಕ ಸಂಕೇತಗಳಿಗೆ ಇಳಿಸಿಟ್ಟು, ಆ ಸಂಕೇತಗಳನ್ನು ಒಂದು ಸಣ್ಣ ವ್ಯಾಖ್ಯಾನಕ ಓದುತ್ತದೆ. ಇದು ಮೊದಲನೆಯದಕ್ಕಿಂತ ವೇಗ. ಆದರೆ ನಡುವೆ ಇನ್ನೂ ಒಬ್ಬ ಮಧ್ಯವರ್ತಿ ಇದ್ದಾನೆ.

ಮೂರನೆಯದು ನೇರ ಯಂತ್ರಸಂಕೇತ. ಪುಸ್ತಕವನ್ನು ಪೂರ್ತಿ ಅನುವಾದಿಸಿ ಅಚ್ಚುಹಾಕಿಟ್ಟಂತೆ, ಕಂಪೈಲರ್ ಇಡೀ ಪ್ರೋಗ್ರಾಮನ್ನು ಪ್ರೊಸೆಸರಿನ ಭಾಷೆಗೇ ಬದಲಾಯಿಸುತ್ತದೆ. ಓಡುವಾಗ ಮಧ್ಯವರ್ತಿ ಇರುವುದಿಲ್ಲ. 1962ರಲ್ಲೇ ಎಂಐಟಿಯ ಟಿಮ್ ಹಾರ್ಟ್ ಮತ್ತು ಮೈಕ್ ಲೆವಿನ್ ಲಿಸ್ಪ್‌ಗೆ ಇಂಥ ಕಂಪೈಲರನ್ನು ಬರೆದರು, ಅದೂ ಲಿಸ್ಪ್‌ನಲ್ಲಿಯೇ. ಆ ಕಂಪೈಲರ್ ಮೊದಲು ವ್ಯಾಖ್ಯಾನಕದ ಮೇಲೆ ಓಡಿ ತನ್ನನ್ನು ತಾನೇ ಕಂಪೈಲ್ ಮಾಡಿಕೊಂಡಿತು!

ಹಾಗಾದರೆ ಮಧ್ಯವರ್ತಿ ಹೋದ ಮೇಲೆ ಲಿಸ್ಪ್‌ಗೆ ಸಿ ಭಾಷೆಯಷ್ಟೇ ವೇಗ ಬರಬೇಕಲ್ಲವೇ? ಇಲ್ಲ. ಇಲ್ಲಿ ಇನ್ನೊಂದು ಖರ್ಚು ಅಡಗಿದೆ.

ಚೀಲದ ಮೇಲಿನ ಚೀಟಿ

ಸೊರಬದ ಹೊಸಬಾಳೆಯಂಥ ಊರಿನಿಂದ ಶಿವಮೊಗ್ಗದ ಮಾರುಕಟ್ಟೆಗೆ ಬರುವ ಅಡಿಕೆ ಚೀಲಗಳನ್ನು ಕಲ್ಪಿಸಿಕೊಳ್ಳಿ. ರಾಶಿ, ಬೆಟ್ಟೆ, ಗೊರಬಲು, ಸರಕು ಎಂದು ಬಗೆಗಳಿವೆ. ಹೊರಗಿನಿಂದ ಎಲ್ಲ ಚೀಲವೂ ಒಂದೇ ಥರ ಕಾಣುತ್ತದೆ. ಒಳಗೇನಿದೆ ಎಂದು ತಿಳಿಯಲು ಪ್ರತಿ ಚೀಲಕ್ಕೂ ಒಂದು ಚೀಟಿ ಕಟ್ಟಿದ್ದರೆ, ಚೀಟಿ ನೋಡಿ ಚೀಲವನ್ನು ಸರಿಯಾದ ಕಡೆ ಕಳಿಸಬಹುದು.

ಲಿಸ್ಪ್‌ನಲ್ಲಿ ಪ್ರತಿ ಮೌಲ್ಯಕ್ಕೂ ಇಂಥದೊಂದು ಚೀಟಿ ಇರುತ್ತದೆ. ಒಂದೇ ಹೆಸರಿನ ಚರದಲ್ಲಿ ಈಗ ಸಂಖ್ಯೆ, ಆಮೇಲೆ ಪಟ್ಟಿ, ನಂತರ ಅಕ್ಷರಗಳ ಸಾಲು ಇರಬಹುದು. ಹಾಗಾಗಿ 64 ಬಿಟ್‌ಗಳ ಪದದಲ್ಲಿ ಕೆಲವು ಬಿಟ್‌ಗಳನ್ನು 'ಇದು ಯಾವ ಬಗೆ' ಎಂದು ತಿಳಿಸಲು ಮೀಸಲಿಡುತ್ತಾರೆ. ಇದಕ್ಕೆ ಟ್ಯಾಗ್ ಎಂದು ಹೆಸರು.

ಈಗ ಎರಡು ಮೌಲ್ಯಗಳನ್ನು ಕೂಡಬೇಕು ಎನ್ನಿ. ಸುರಕ್ಷಿತವಾದ ಲಿಸ್ಪ್ ಏನೇನು ಮಾಡಬೇಕು ನೋಡಿ:

1. ಮೊದಲನೆಯದರ ಚೀಟಿ ನೋಡು, ಸಣ್ಣ ಪೂರ್ಣಾಂಕವೇ?
2. ಎರಡನೆಯದರ ಚೀಟಿ ನೋಡು, ಅದೂ ಸಣ್ಣ ಪೂರ್ಣಾಂಕವೇ?
3. ಎರಡೂ ಹೌದಾದರೆ ಕೂಡು.
4. ಉತ್ತರ ಆ ಪದದಲ್ಲಿ ಹಿಡಿಸಿತೇ? ಹಿಡಿಸದಿದ್ದರೆ ದೊಡ್ಡ ಸಂಖ್ಯೆಗೆ ಬೇರೆ ಜಾಗ ಮಾಡು.
5. ಇವು ಪೂರ್ಣಾಂಕಗಳಲ್ಲವಾದರೆ ಬೇರೆ ವಿಧಾನ ಹುಡುಕು. ಸಂಖ್ಯೆಗಳೇ ಅಲ್ಲವಾದರೆ ದೋಷ ತಿಳಿಸು.

ಇವುಗಳಲ್ಲಿ ನಿಜವಾದ ಕೆಲಸ ಮೂರನೆಯದು ಮಾತ್ರ. ಸಿ ಭಾಷೆಯಲ್ಲಿ ಅದೊಂದೇ ನಡೆಯುತ್ತದೆ, ಪ್ರೊಸೆಸರಿನ ಒಂದೇ ಆದೇಶದಲ್ಲಿ. ಲಿಸ್ಪ್‌ನಲ್ಲಿ ಅದರ ಸುತ್ತ ಕಾವಲುಗಾರರಿದ್ದಾರೆ. ಒಂದು ಸಲಕ್ಕೆ ಇದು ಏನೂ ಅಲ್ಲ. ಕೋಟಿ ಸಲ ಸುತ್ತುವ ಲೆಕ್ಕದಲ್ಲಿ ಮಾತ್ರ ಕಾವಲಿನ ಖರ್ಚು ಕೆಲಸದ ಖರ್ಚನ್ನೇ ಮೀರಬಹುದು.

ವೇಗ 3, ಸುರಕ್ಷತೆ 0

ಬೇರೆ ಬೇರೆ ಲಿಸ್ಪ್‌ಗಳನ್ನು ಒಂದು ಮಾನಕಕ್ಕೆ ತರಲು 1980ರ ದಶಕದಲ್ಲಿ ಕಾಮನ್ ಲಿಸ್ಪ್ ರೂಪುಗೊಂಡಿತು. 1994ರಲ್ಲಿ ಅದು ಅಮೆರಿಕದ ಅಧಿಕೃತ ಮಾನಕವಾಯಿತು. ಅದರಲ್ಲಿ ಪ್ರೋಗ್ರಾಂ ಬರೆಯುವವರು ಕಂಪೈಲರ್‌ಗೆ ತಮ್ಮ ಆದ್ಯತೆಗಳನ್ನು ಹೇಳಬಹುದು. ವೇಗ, ಸುರಕ್ಷತೆ, ಜಾಗದ ಮಿತವ್ಯಯ, ದೋಷ ಹುಡುಕುವ ಅನುಕೂಲ, ಕಂಪೈಲ್ ಆಗುವ ವೇಗ ಎಂಬ ಐದು ಗುಣಗಳಿಗೆ 0ಯಿಂದ 3ರವರೆಗೆ ಅಂಕ ಕೊಡುತ್ತಾರೆ. 0 ಎಂದರೆ 'ಬೇಡವೇ ಬೇಡ', 3 ಎಂದರೆ 'ತುಂಬಾ ಮುಖ್ಯ'. ಜೊತೆಗೆ "ಈ ಚರದಲ್ಲಿ ಯಾವಾಗಲೂ ಸಣ್ಣ ಪೂರ್ಣಾಂಕವೇ ಇರುತ್ತದೆ" ಎಂದು ಘೋಷಣೆಯನ್ನೂ ಬರೆಯಬಹುದು.

ವೇಗಕ್ಕೆ 3, ಸುರಕ್ಷತೆಗೆ 0 ಕೊಟ್ಟು, ಬಗೆಯ ಘೋಷಣೆಯನ್ನೂ ಬರೆದರೆ ಕಂಪೈಲರ್ ನಿಮ್ಮ ಮಾತನ್ನು ಕುರುಡಾಗಿ ನಂಬುತ್ತದೆ. ಚೀಟಿ ನೋಡುವುದಿಲ್ಲ, ಅಂಚು ಪರೀಕ್ಷಿಸುವುದಿಲ್ಲ. ಮೇಲಿನ ಐದು ಹೆಜ್ಜೆಗಳಲ್ಲಿ ಉಳಿಯುವುದು ಮೂರನೆಯದು ಮಾತ್ರ. ಆಗ ಲಿಸ್ಪ್ ಸಿ ಭಾಷೆಯ ಹತ್ತಿರ ಬರುತ್ತದೆ. ಅದರ ಜೊತೆಗೆ ಸಿ ಭಾಷೆಯ ಅಪಾಯಗಳೂ ಬರುತ್ತವೆ.

ಪರೀಕ್ಷೆ ಇಲ್ಲದಿದ್ದರೆ ಏನಾಗುತ್ತದೆ?

ಒಂದು ನಿಖರ ಉದಾಹರಣೆ ನೋಡೋಣ. ಎಸ್‌ಬಿಸಿಎಲ್ ಎಂಬ ಜನಪ್ರಿಯ ಉಚಿತ ಕಾಮನ್ ಲಿಸ್ಪ್‌ನಲ್ಲಿ, 64 ಬಿಟ್ ಯಂತ್ರದ ಮೇಲೆ ಅತಿ ದೊಡ್ಡ 'ಸಣ್ಣ ಪೂರ್ಣಾಂಕ' 4611686018427387903. ಅದಕ್ಕೆ ಒಂದು ಕೂಡಿದರೆ ಸುರಕ್ಷಿತ ಸಂಕೇತ ಸದ್ದಿಲ್ಲದೆ ದೊಡ್ಡ ಸಂಖ್ಯೆಯ ವಿಧಾನಕ್ಕೆ ಹೊರಳಿ 4611686018427387904 ಎಂಬ ಸರಿಯುತ್ತರ ಕೊಡುತ್ತದೆ. ಉತ್ತರವೂ ಸಣ್ಣ ಪೂರ್ಣಾಂಕವೇ ಎಂದು ಘೋಷಿಸಿ, ಸುರಕ್ಷತೆಯನ್ನು 0ಗೆ ಇಳಿಸಿದ್ದರೆ ಅದೇ ಲೆಕ್ಕದ ಉತ್ತರ ಋಣ ಸಂಖ್ಯೆಯಾಗಿಬಿಡಬಹುದು. ವಾಹನದ ಮೀಟರ್ 99999 ದಾಟಿ 00000ಕ್ಕೆ ಮರಳಿದಂತೆ. ದೋಷದ ಸಂದೇಶವಿಲ್ಲ, ಎಚ್ಚರಿಕೆಯಿಲ್ಲ. ತಪ್ಪು ಉತ್ತರ ಮುಂದಿನ ಲೆಕ್ಕಕ್ಕೆ ಹೋಗುತ್ತದೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಹತ್ತು ಮನೆಗಳ ಪಟ್ಟಿಯಲ್ಲಿ ಹನ್ನೊಂದನೆಯ ಮನೆಗೆ ಬರೆಯಲು ಹೊರಟರೆ ಸುರಕ್ಷಿತ ಲಿಸ್ಪ್ ಅಲ್ಲೇ ತಡೆದು ದೋಷ ತಿಳಿಸುತ್ತದೆ. ಪರೀಕ್ಷೆ ಇಲ್ಲದ ಸಂಕೇತ ಪಕ್ಕದ ಮನೆಯವರ ಗೋಡೆಯ ಮೇಲೆ ಬರೆದುಬಿಡುತ್ತದೆ. ಅಲ್ಲಿ ಬೇರಾವುದೋ ಮಾಹಿತಿ ಇತ್ತು, ಅದು ಕೆಟ್ಟಿತು. ಪ್ರೋಗ್ರಾಂ ಕೂಡಲೇ ನಿಲ್ಲುವುದಿಲ್ಲ. ಸ್ವಲ್ಪ ಹೊತ್ತಿನ ನಂತರ, ಬಳಕೆಯಾಗದ ಜಾಗವನ್ನು ಗುಡಿಸುವ 'ಕಸ ಸಂಗ್ರಾಹಕ' ಆ ದಾರಿಯಲ್ಲಿ ಬಂದಾಗ, ಸಂಬಂಧವೇ ಇಲ್ಲದ ಜಾಗದಲ್ಲಿ ಎಲ್ಲವೂ ಕುಸಿಯುತ್ತದೆ. ಗಾಯ ಒಂದು ಕಡೆ, ನೋವು ಇನ್ನೊಂದು ಕಡೆ. ಇಂಥ ದೋಷವನ್ನು ಹುಡುಕಲು ದಿನಗಟ್ಟಲೆ ಬೇಕಾಗಬಹುದು.

ಇವು ಕೇವಲ ಸೈದ್ಧಾಂತಿಕ ಭಯಗಳೇ?

ಅಲ್ಲ. ಬೇರೆ ಭಾಷೆಗಳಲ್ಲಿ ನಡೆದ ಎರಡು ಘಟನೆಗಳು ಇದನ್ನು ಜಗತ್ತಿಗೇ ತೋರಿಸಿವೆ.

1996ರ ಜೂನ್ 4ರಂದು ಐರೋಪ್ಯ ರಾಕೆಟ್ ಅರಿಯಾನ್ 5 ತನ್ನ ಮೊದಲ ಹಾರಾಟದಲ್ಲಿ ನಲವತ್ತು ಸೆಕೆಂಡುಗಳೂ ಆಗುವ ಮೊದಲೇ ದಾರಿ ತಪ್ಪಿ ನಾಶವಾಯಿತು. 64 ಬಿಟ್‌ಗಳ ದಶಮಾಂಶ ಸಂಖ್ಯೆಯೊಂದನ್ನು 16 ಬಿಟ್‌ಗಳ ಪೂರ್ಣಾಂಕವಾಗಿ ಬದಲಿಸುವಾಗ ಅದು ಹಿಡಿಸಲಿಲ್ಲ. ಅಡಾ ಭಾಷೆಯಲ್ಲಿ ಬರೆದ ಆ ತಂತ್ರಾಂಶದಲ್ಲಿ ಇಂಥ ಅಪಾಯವಿದ್ದ ಏಳು ಚರಗಳನ್ನು ಗುರುತಿಸಲಾಗಿತ್ತು. ಕಂಪ್ಯೂಟರಿನ ಮೇಲಿನ ಹೊರೆ 80 ಶೇಕಡಾ ಮೀರಬಾರದು ಎಂಬ ಗುರಿಯಿಂದಾಗಿ ನಾಲ್ಕಕ್ಕೆ ಮಾತ್ರ ರಕ್ಷಣೆ ಕೊಟ್ಟು ಮೂರನ್ನು ಹಾಗೇ ಬಿಟ್ಟಿದ್ದರು. ಹಳೆಯ ಅರಿಯಾನ್ 4ರಲ್ಲಿ ಆ ಸಂಖ್ಯೆ ಅಷ್ಟು ದೊಡ್ಡದಾಗುತ್ತಿರಲಿಲ್ಲ. ಹೊಸ ರಾಕೆಟ್ಟಿನ ಪಥ ಬೇರೆಯಾಗಿತ್ತು. "ಇದು ಯಾವತ್ತೂ ಹೀಗೇ ಇರುತ್ತದೆ" ಎಂಬ ಘೋಷಣೆ ಒಂದು ದಿನ ಸುಳ್ಳಾಯಿತು. ರಾಕೆಟ್ಟಿನ ಜೊತೆ ನಾಲ್ಕು ವೈಜ್ಞಾನಿಕ ಉಪಗ್ರಹಗಳೂ ಹೋದವು.

2014ರ ಏಪ್ರಿಲ್‌ನಲ್ಲಿ ಬಯಲಾದ 'ಹಾರ್ಟ್‌ಬ್ಲೀಡ್' ಎರಡನೆಯದು. ಅಂತರಜಾಲದ ಗೌಪ್ಯ ಸಂಪರ್ಕಕ್ಕೆ ಬಳಸುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದಲ್ಲಿ ಒಂದು ಅಂಚಿನ ಪರೀಕ್ಷೆ ಇರಲಿಲ್ಲ. ಕೇಳಿದವರು "ಇಷ್ಟು ಉದ್ದದ ಉತ್ತರ ಕೊಡು" ಎಂದರೆ, ಅಷ್ಟು ಮಾಹಿತಿ ಇಲ್ಲದಿದ್ದರೂ ಪಕ್ಕದ ಸ್ಮೃತಿಯಲ್ಲಿದ್ದದ್ದನ್ನೆಲ್ಲ ಅದು ಕೊಟ್ಟುಬಿಡುತ್ತಿತ್ತು. ಅದರಲ್ಲಿ ಗುಪ್ತಪದಗಳೂ ಇರಬಹುದಿತ್ತು. ಇಲ್ಲಿ ಯಾರೂ ವೇಗಕ್ಕಾಗಿ ಪರೀಕ್ಷೆ ತೆಗೆದಿರಲಿಲ್ಲ, ಬರೆಯಲು ಮರೆತಿದ್ದರು. ಪರೀಕ್ಷೆ ತಾನಾಗಿಯೇ ಇರುವ ಭಾಷೆಯ ಬೆಲೆ ಏನೆಂದು ಇದರಿಂದ ಗೊತ್ತಾಗುತ್ತದೆ.

ಜಾಣ ಕಂಪೈಲರ್: ಬಾಗಿಲಲ್ಲೇ ಒಮ್ಮೆ ನೋಡಿದರೆ ಸಾಕು

ಹಾಗಾದರೆ ನಮಗೆ ಇರುವುದು ಎರಡೇ ಆಯ್ಕೆಯೇ, ನಿಧಾನ ಅಥವಾ ಅಪಾಯ? ಇಲ್ಲ.

ಮತ್ತೆ ಮಂಡಿಗೆ ಹೋಗೋಣ. ಚೀಲ ಒಳಬರುವಾಗ ಬಾಗಿಲಲ್ಲೇ ಒಮ್ಮೆ ಪರೀಕ್ಷಿಸಿ, ರಾಶಿ ಅಡಿಕೆಯನ್ನು ಒಂದೇ ಕೋಣೆಯಲ್ಲಿ ಇಟ್ಟರೆ, ಆ ಕೋಣೆಯೊಳಗೆ ಮತ್ತೆ ಮತ್ತೆ ಚೀಟಿ ನೋಡುವ ಅಗತ್ಯವಿಲ್ಲ. ಒಳ್ಳೆಯ ಕಂಪೈಲರ್ ಇದನ್ನೇ ಮಾಡುತ್ತದೆ. ಕೋಟಿ ಸುತ್ತಿನ ಲೆಕ್ಕಕ್ಕೆ ಮೊದಲು ಒಮ್ಮೆ "ಇದು ಪೂರ್ಣಾಂಕವೇ" ಎಂದು ನೋಡಿಕೊಂಡರೆ, ಒಳಗೆ ಆ ಮೌಲ್ಯ ಬದಲಾಗುವುದಿಲ್ಲ ಎಂದು ಸಾಧಿಸಬಲ್ಲದಾದರೆ, ಒಳಗಿನ ಪರೀಕ್ಷೆಗಳನ್ನು ತೆಗೆದುಹಾಕುತ್ತದೆ. ಸುರಕ್ಷತೆ ಹೋಗಲಿಲ್ಲ, ಪುನರಾವರ್ತನೆ ಮಾತ್ರ ಹೋಯಿತು. ಇದಕ್ಕೆ ಬಗೆಯ ಅನುಮಾನ, ಅಂದರೆ ಟೈಪ್ ಇನ್‌ಫರೆನ್ಸ್ ಎನ್ನುತ್ತಾರೆ.

ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲಿಸ್ಪ್‌ನಿಂದ 1999ರಲ್ಲಿ ಕವಲೊಡೆದ ಎಸ್‌ಬಿಸಿಎಲ್ ಈ ವಿಷಯದಲ್ಲಿ ಒಂದು ಒಳ್ಳೆಯ ನೀತಿ ಅನುಸರಿಸುತ್ತದೆ. ನೀವು ಬರೆದ ಬಗೆಯ ಘೋಷಣೆಯನ್ನು ಅದು ಕುರುಡಾಗಿ ನಂಬುವುದಿಲ್ಲ. ಪರೀಕ್ಷಿಸಬೇಕಾದ ಹೇಳಿಕೆ ಎಂದು ತಿಳಿಯುತ್ತದೆ. ಸುರಕ್ಷತೆ 0 ಅಲ್ಲದಿದ್ದರೆ, ಘೋಷಣೆ ಸುಳ್ಳಾದಾಗ ದೋಷ ತಿಳಿಸುತ್ತದೆ. ಹೀಗೆ ಒಂದೇ ಘೋಷಣೆ ವೇಗವನ್ನೂ ಕೊಡುತ್ತದೆ, ತಪ್ಪನ್ನೂ ಹಿಡಿಯುತ್ತದೆ. ವೇಗಕ್ಕೆ ಹೆಚ್ಚು ಅಂಕ ಕೊಟ್ಟರೆ, ಎಲ್ಲೆಲ್ಲಿ ಮಾಹಿತಿ ಸಾಲದೆ ನಿಧಾನ ಸಂಕೇತ ಮಾಡಬೇಕಾಯಿತು ಎಂಬ ಟಿಪ್ಪಣಿಗಳನ್ನೂ ಮುದ್ರಿಸುತ್ತದೆ.

ಯಂತ್ರಸಂಕೇತವನ್ನು ಹೀಗೆ ಚೊಕ್ಕಗೊಳಿಸುವ ಶಾಸ್ತ್ರದಲ್ಲಿ ಕರ್ನಾಟಕದ ಪಾಲೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವೈ.ಎನ್. ಶ್ರೀಕಾಂತ್ ಮತ್ತು ಪ್ರೀತಿ ಶಂಕರ್ ಸಂಪಾದಿಸಿದ ಕಂಪೈಲರ್ ವಿನ್ಯಾಸದ ಕೈಪಿಡಿ 2002ರಲ್ಲಿ ಪ್ರಕಟವಾಯಿತು. ಸಂಕೇತದ ಸುಧಾರಣೆ ಮತ್ತು ಯಂತ್ರಸಂಕೇತದ ತಯಾರಿಯೇ ಅದರ ವಿಷಯ.

ಕನ್ನಡ ಅಕ್ಷರವೂ ಲಿಸ್ಪ್ ದಾಟಿ ಬರುತ್ತದೆ

ನಮಗೆ ಹತ್ತಿರದ ಉದಾಹರಣೆ ಈಮ್ಯಾಕ್ಸ್. ಇದು 1980ರ ದಶಕದಿಂದ ಬೆಳೆದುಬಂದಿರುವ ಉಚಿತ ಪಠ್ಯ ಸಂಪಾದಕ. ಇದರ ಬಹುಭಾಗ ಬರೆದಿರುವುದು ಈಮ್ಯಾಕ್ಸ್ ಲಿಸ್ಪ್‌ನಲ್ಲಿ. ಅದರಲ್ಲಿ ಕನ್ನಡ ಟೈಪ್ ಮಾಡಲು ಇನ್‌ಸ್ಕ್ರಿಪ್ಟ್ ಮತ್ತು ಐಟ್ರಾನ್ಸ್ ಎಂಬ ಎರಡು ವಿಧಾನಗಳಿವೆ. ಎರಡೂ ಲಿಸ್ಪ್ ಪ್ರೋಗ್ರಾಂಗಳೇ. ಜಗತ್ತಿನ ಭಾಷೆಗಳಲ್ಲಿ ನಮಸ್ಕಾರ ಹೇಳುವ ಅದರ ಪುಟದಲ್ಲಿ ಕನ್ನಡದ 'ನಮಸ್ಕಾರ'ವೂ ಇದೆ.

'ಕ್ಷ' ನಮಗೆ ಒಂದು ಅಕ್ಷರ. ಕಂಪ್ಯೂಟರಿಗೆ ಅದು ಕ, ವಿರಾಮ ಚಿಹ್ನೆ, ಷ ಎಂಬ ಮೂರು ಸಂಕೇತಗಳು. ಯಾವ ಸಂಕೇತಗಳನ್ನು ಕೂಡಿಸಿ ಒಂದಾಗಿ ತೋರಿಸಬೇಕು ಎಂಬ ನಿಯಮವೂ ಈಮ್ಯಾಕ್ಸ್‌ನಲ್ಲಿ ಲಿಸ್ಪ್‌ನಲ್ಲೇ ಇದೆ.

ದಶಕಗಳ ಕಾಲ ಈಮ್ಯಾಕ್ಸ್ ಬೈಟ್‌ಕೋಡ್ ಮೇಲೆ ನಡೆಯಿತು. ಅಂಡ್ರಿಯಾ ಕೊರಾಲ್ಲೊ ಮತ್ತು ಸಂಗಡಿಗರು ಜಿಸಿಸಿ ಕಂಪೈಲರಿನ ನೆರವಿನಿಂದ ಅದನ್ನು ಯಂತ್ರಸಂಕೇತಕ್ಕೆ ಇಳಿಸುವ ವಿಧಾನ ರೂಪಿಸಿದರು. 2022ರ ಏಪ್ರಿಲ್‌ನಲ್ಲಿ ಬಂದ 28ನೆಯ ಆವೃತ್ತಿಯಲ್ಲಿ ಅದು ಸೇರಿತು. ಇಲ್ಲಿಯೂ ವೇಗಕ್ಕೆ ಅಂಕಗಳಿವೆ. ತಾನಾಗಿ ಇರುವುದು 2, ಅಂದರೆ ಭಾಷೆಯ ನಿಯಮ ಮುರಿಯದೆ ಸಾಧ್ಯವಾದಷ್ಟು ವೇಗ. 3ಕ್ಕೆ ಏರಿಸಿದರೆ ಕಂಪೈಲರ್ ಕೆಲವು ನಿಯಮಗಳನ್ನು ಮೀರಬಹುದು. ಉದಾಹರಣೆಗೆ, ಓಡುತ್ತಿರುವಾಗಲೇ ನೀವು ಒಂದು ಕ್ರಿಯೆಯನ್ನು ತಿದ್ದಿ ಬರೆದರೂ ಹಳೆಯದೇ ನಡೆಯುತ್ತಿರಬಹುದು. 2025ರಲ್ಲಿ ಬಂದ 30ನೆಯ ಆವೃತ್ತಿಯಲ್ಲಿ ಸುರಕ್ಷತೆಗೇ ಪ್ರತ್ಯೇಕ ಆಯ್ಕೆ ಬಂತು. ಅದು 1 ಆಗಿದ್ದರೆ ಕ್ರಿಯೆಯ ಬಗೆಯ ಘೋಷಣೆ ತಪ್ಪಾಗಿದ್ದರೂ ಸಂಕೇತ ಸುರಕ್ಷಿತ. 0 ಮಾಡಿದರೆ ತಪ್ಪು ಘೋಷಣೆಯಿಂದ ಇಡೀ ಈಮ್ಯಾಕ್ಸ್ ಕುಸಿಯಬಹುದು. ತಾನಾಗಿ ಇರುವುದು 1. ಉಳಿಸದೆ ಇಟ್ಟ ಬರಹ ಕಳೆದುಕೊಂಡವರಿಗೆ ಈ ನಿರ್ಧಾರ ಏಕೆ ಸರಿ ಎಂದು ವಿವರಿಸಬೇಕಾಗಿಲ್ಲ.

ಕೆಲವು ತಪ್ಪು ಕಲ್ಪನೆಗಳು

ತಪ್ಪು ಕಲ್ಪನೆ: ಲಿಸ್ಪ್ ಎಂದರೆ ವ್ಯಾಖ್ಯಾನಕ ಮಾತ್ರ, ಆದ್ದರಿಂದ ನಿಧಾನ.
ವಾಸ್ತವ: 1962ರಿಂದಲೂ ಲಿಸ್ಪ್‌ಗೆ ಕಂಪೈಲರ್ ಇದೆ. ಎಸ್‌ಬಿಸಿಎಲ್‌ನಲ್ಲಿ ನೀವು ಟೈಪ್ ಮಾಡಿದ ಕ್ರಿಯೆ ಸಾಮಾನ್ಯವಾಗಿ ಅಲ್ಲೇ ಯಂತ್ರಸಂಕೇತವಾಗುತ್ತದೆ.

ತಪ್ಪು ಕಲ್ಪನೆ: ಯಂತ್ರಸಂಕೇತಕ್ಕೆ ಇಳಿಸಿದರೆ ಎಲ್ಲವೂ ವೇಗವಾಗುತ್ತದೆ.
ವಾಸ್ತವ: ಪ್ರೋಗ್ರಾಂ ಡಿಸ್ಕ್‌ಗೋ ಅಂತರಜಾಲಕ್ಕೋ ಕಾಯುತ್ತಿದ್ದರೆ ಏನೂ ಬದಲಾಗದು. ರಸ್ತೆಯಲ್ಲಿ ಗೇಟು ಹಾಕಿದ್ದಾಗ ಎಂಜಿನ್ ಎಷ್ಟು ದೊಡ್ಡದಾದರೇನು?

ತಪ್ಪು ಕಲ್ಪನೆ: ಪರೀಕ್ಷೆಗಳೇ ನಿಧಾನಕ್ಕೆ ಮುಖ್ಯ ಕಾರಣ.
ವಾಸ್ತವ: ಎಷ್ಟೋ ಸಲ ಕಾರಣ ತಪ್ಪು ವಿಧಾನ. ಪಟ್ಟಿಯನ್ನು ಪ್ರತಿ ಸಲ ಮೊದಲಿನಿಂದ ಹುಡುಕುವ ಬದಲು ಸರಿಯಾದ ಕೋಷ್ಟಕ ಬಳಸಿದರೆ ಸಿಗುವ ಲಾಭ, ಪರೀಕ್ಷೆ ತೆಗೆದು ಸಿಗುವ ಲಾಭಕ್ಕಿಂತ ಬಹಳ ಹೆಚ್ಚಿರಬಹುದು.

ತಪ್ಪು ಕಲ್ಪನೆ: ನೂರು ಸಲ ಸರಿಯಾಗಿ ಓಡಿದ ಮೇಲೆ ಪರೀಕ್ಷೆ ಬೇಡ.
ವಾಸ್ತವ: ಅರಿಯಾನ್ 4 ಸರಿಯಾಗಿಯೇ ಹಾರುತ್ತಿತ್ತು.

ಹಾಗಾದರೆ ಏನು ಮಾಡಬೇಕು?

ಲಿಸ್ಪ್ ಕಲಿಯುತ್ತಿರುವ ವಿದ್ಯಾರ್ಥಿಗಳು ಈ ಕ್ರಮ ಪಾಲಿಸಬಹುದು. ಬೇರೆ ಭಾಷೆಯಲ್ಲಿ ಕೆಲಸ ಮಾಡುವವರಿಗೂ ಇದು ಹೊಂದುತ್ತದೆ.

1. ಮೊದಲು ಸುರಕ್ಷತೆ ಇಟ್ಟುಕೊಂಡೇ ಸರಿಯಾದ ಪ್ರೋಗ್ರಾಂ ಬರೆಯಿರಿ.
2. ನಿಧಾನ ಎನ್ನಿಸಿದರೆ ಊಹಿಸಬೇಡಿ, ಅಳೆಯಿರಿ. ಸಮಯ ಎಲ್ಲಿ ಹೋಗುತ್ತಿದೆ ಎಂದು ತೋರಿಸುವ ಪ್ರೊಫೈಲರ್ ಸಾಧನಗಳಿವೆ.
3. ವಿಧಾನ ಬದಲಿಸಿ ನೋಡಿ.
4. ನಂತರ ಬಗೆಯ ಘೋಷಣೆ ಸೇರಿಸಿ, ವೇಗದ ಅಂಕ ಏರಿಸಿ. ಸುರಕ್ಷತೆಯನ್ನು 1ಕ್ಕಿಂತ ಕೆಳಗೆ ಇಳಿಸಬೇಡಿ.
5. ಇನ್ನೂ ಸಾಲದಿದ್ದರೆ, ಅಳತೆಯಲ್ಲಿ ಸಿಕ್ಕ ಆ ನಾಲ್ಕಾರು ಸಾಲಿಗೆ ಮಾತ್ರ ಸುರಕ್ಷತೆ 0 ಕೊಡಿ. ಅದರ ಹೊರಬಾಗಿಲಲ್ಲಿ ನೀವೇ ಪರೀಕ್ಷೆ ಬರೆಯಿರಿ.
6. ಇಡೀ ಪ್ರೋಗ್ರಾಮಿಗೆ ಸುರಕ್ಷತೆ 0 ಎಂದು ಎಂದೂ ಹಾಕಬೇಡಿ. ಹೊರಗಿನಿಂದ ಮಾಹಿತಿ ಬರುವ ಜಾಗದಲ್ಲಂತೂ ಬೇಡವೇ ಬೇಡ.

ಸುರಕ್ಷತೆ ಉಳಿಸಿಕೊಂಡರೆ ಇನ್ನೊಂದು ಲಾಭವಿದೆ: ತಪ್ಪಾದಾಗ ಎಲ್ಲಿ ತಪ್ಪಾಯಿತು ಎಂದು ನೋಡಬಹುದು. 1999ರ ಮೇ ತಿಂಗಳಲ್ಲಿ ನಾಸಾದ ಡೀಪ್ ಸ್ಪೇಸ್ 1 ನೌಕೆಯನ್ನು ಲಿಸ್ಪ್‌ನಲ್ಲಿ ಬರೆದ 'ರಿಮೋಟ್ ಏಜೆಂಟ್' ಎಂಬ ತಂತ್ರಾಂಶ ಸ್ವತಂತ್ರವಾಗಿ ನಡೆಸುವ ಪ್ರಯೋಗ ನಡೆಯಿತು. ಭೂಮಿಯ ಮೇಲಿನ ಪರೀಕ್ಷೆಗಳಲ್ಲಿ ಕಾಣಿಸದ ದೋಷವೊಂದು ಅಲ್ಲಿ ತಲೆದೋರಿ ಕೆಲಸ ನಿಂತಿತು. ಓಡುತ್ತಿದ್ದ ಪ್ರೋಗ್ರಾಮಿನ ಸ್ಥಿತಿಯನ್ನು ಇಲ್ಲಿಂದಲೇ ವಿಚಾರಿಸಲು ಸಾಧ್ಯವಿದ್ದುದರಿಂದ ಎಂಜಿನಿಯರುಗಳು ಕಾರಣ ಕಂಡುಕೊಂಡರು, ಪ್ರಯೋಗ ಮುಂದುವರಿದು ಗುರಿ ಮುಟ್ಟಿತು. ಸದ್ದಿಲ್ಲದೆ ಕೆಟ್ಟ ಸ್ಮೃತಿಯೊಂದಿಗೆ ಹೀಗೆ ಮಾತಾಡಲು ಆಗುವುದಿಲ್ಲ.

ಒಟ್ಟಿನಲ್ಲಿ, ವೇಗ ಮತ್ತು ಸುರಕ್ಷತೆ ಯಾವಾಗಲೂ ಒಂದಕ್ಕೊಂದು ವಿರುದ್ಧವಲ್ಲ. ಜಾಣ ಕಂಪೈಲರ್, ನಿಜವಾದ ಘೋಷಣೆ ಮತ್ತು ಅಳತೆ ಇದ್ದರೆ ಎರಡರ ಬಹುಪಾಲನ್ನೂ ಪಡೆಯಬಹುದು. ಉಳಿದ ಸ್ವಲ್ಪ ವೇಗಕ್ಕಾಗಿ ಕವಚ ಬಿಚ್ಚುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಯಂತ್ರಕ್ಕೆ ನಾಳೆ ಕೈಹಾಕುವವರು ಯಾರು?